ಮರದ ಹೆಚ್ಚೋ ಮಣೆ ಸೀಳದ ಹಾಗೆ, ಅಂಟದ ಹಾಗೆ ನೋಡ್ಕೊಳ್ಳೋದು: ತೊಳೆಯೋದ್ರಿಂದ ಮೇಣ ಹಚ್ಚೋವರೆಗೂ

ಎಣ್ಣೆ ಹಾಕಿದ್ರೂ ಬೋರ್ಡು ಸೀಳ್ತು ಅಂತ ಒಬ್ರು, ಎಣ್ಣೆ ಹಾಕಿದ್ಮೇಲೆ ಕಮಟು ವಾಸನೆ ಬರ್ತಿದೆ ಅಂತ ಇನ್ನೊಬ್ರು, ಕೈ ಇಟ್ರೆ ಜಿಗಿಜಿಗಿ ಅಂಟುತ್ತೆ ಅಂತ ಮತ್ತೊಬ್ರು. ಮರದ ಚಾಪಿಂಗ್ ಬೋರ್ಡ್ ವಿಷ್ಯದಲ್ಲಿ ಇವೇ ಪ್ರಶ್ನೆ ತಿರುಗಾ ಮುರುಗಾ ಬರ್ತಾನೇ ಇರುತ್ತೆ, ಹಾಗಾಗಿ ಒಂದು ಸಲ ಪೂರ್ತಿ ಬರೆದುಬಿಡ್ತೀನಿ. ಯಾವ ಎಣ್ಣೆ ಹಾಕ್ಬೇಕು ಅಂತ ಎಲ್ರೂ ಕೇಳ್ತಾರೆ, ಎಷ್ಟು ಹೊತ್ತು ಒಣಗಿಸ್ಬೇಕು ಅಂತ ಒಬ್ರೂ ಕೇಳಲ್ಲ, ಬೋರ್ಡು ಕೆಡೋದು ಮಾತ್ರ ಅಲ್ಲೇ. ಒಳಗೆ ಹಸಿ ಇರೋ ಮರಕ್ಕೆ ಮೇಲಿಂದ ಎಣ್ಣೆ ಬಳಿದ್ರೆ ಎಣ್ಣೆ ಒಳಗೆ ಹೋಗಲ್ಲ, ನೀರು ಬೇಗ ಹೊರಗೆ ಬರಲ್ಲ. ಅದಕ್ಕೇ ಕೆಳಗಿರೋ ಹಂತಗಳನ್ನ ಹಿಂದೆ ಮುಂದೆ ಮಾಡ್ಬೇಡಿ, ಒಣಗಿಸೋ ಹಂತ ಮುಗೀದೆ ಎಣ್ಣೆ ಬಾಟ್ಲಿ ಮುಚ್ಚಳ ತೆಗೀಲೇಬೇಡಿ.

ಇದನ್ನ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಗಾಳಿ ನೀರು ನೋಡ್ಕೊಂಡು ಬರೆದಿದ್ದೀನಿ. ಫೆಬ್ರವರಿಯಿಂದ ಮೇ ವರೆಗೂ ಒಣಗಾಳಿ, ಸೆಪ್ಟೆಂಬರ್ ಅಕ್ಟೋಬರಲ್ಲಿ ಮಳೆ, ವರ್ಷಪೂರ್ತಿ ಬೋರ್‌ವೆಲ್ ಗಡಸು ನೀರು. ಮಲೆನಾಡು ಕರಾವಳಿ ಕಡೆಯೋರು ಓದ್ತಿದ್ರೆ ಒಣಗೋ ಟೈಮೆಲ್ಲಾ ಡಬಲ್ ಅಂದ್ಕೊಳ್ಳಿ.

ಮೊದ್ಲು ನಿಮ್ಮ ಬೋರ್ಡು ಯಾವ ಜಾತಿದು ನೋಡಿ

ಬೋರ್ಡಿನ ಪಕ್ಕದ ಅಂಚು ನೋಡಿ. ತೆಳ್ಳಗೆ ಪದರ ಪದರ ಕಂಡ್ರೆ ಅದು ಪ್ಲೈವುಡ್, ಹೊಟ್ಟು ಒತ್ತಿದಂಗೆ ಕಂಡ್ರೆ ಎಂಡಿಎಫ್. ಎರಡಕ್ಕೂ ಈ ಯಾವ ಆರೈಕೆಯೂ ಕೆಲ್ಸ ಮಾಡಲ್ಲ, ನೀರು ಒಳಗೆ ಹೋದ್ರೆ ಉಬ್ಬುತ್ತೆ ಅಷ್ಟೇ. ತೇಗ, ಹಲಸು, ಬೇವು, ಅಕೇಶಿಯಾ, ರಬ್ಬರ್ ವುಡ್, ಮಾವು ಇವೆಲ್ಲಾ ಘನ ಮರ, ಇದು ಅವಕ್ಕೆ. ಬಿದಿರಿನ ಬೋರ್ಡಿಗೂ ಹೆಚ್ಚೂಕಮ್ಮಿ ಇದೇ, ಆದ್ರೆ ಅದು ಪಟ್ಟಿ ಪಟ್ಟಿ ಅಂಟಿಸಿ ಮಾಡಿರೋದ್ರಿಂದ ನೀರಲ್ಲಿ ನೆನೆಸಿದ್ರೆ ಅಂಟು ಬಿಟ್ಕೊಳ್ಳುತ್ತೆ.

ಇನ್ನೊಂದು, ಬೋರ್ಡು ಕನ್ನಡಿ ತರ ಹೊಳೀತಿದ್ರೆ ವಾರ್ನಿಷ್ ಹೊಡೆದಿದಾರೆ ಅಂತ ಅರ್ಥ. ಒಂದು ಮೂಲೇಲಿ ಉಗುರಿಂದ ಕೆರೆದು ನೋಡಿ, ಸಿಪ್ಪೆ ತರ ಬಂದ್ರೆ ಅದೇ. ಇಂಥದ್ದರ ಮೇಲೆ ಎಣ್ಣೆ ಎಷ್ಟು ಸುರಿದ್ರೂ ಜಾರಿಹೋಗುತ್ತೆ, ಹೆಚ್ಚಿದ್ರೆ ವಾರ್ನಿಷ್ ಚೂರು ಪಲ್ಯಕ್ಕೆ ಬರುತ್ತೆ. ಪೂರ್ತಿ ಉಜ್ಜಿ ತೆಗೀರಿ, ಇಲ್ಲಾಂದ್ರೆ ಹಣ್ಣು ಬಿಸ್ಕತ್ತು ಜೋಡಿಸಿ ನೆಂಟ್ರ ಮುಂದೆ ಇಡೋಕೆ ಇಟ್ಕೊಳ್ಳಿ.

ಬೇಕಾಗೋ ಸಾಮಾನು

ಪಾತ್ರೆ ತೊಳೆಯೋ ಲಿಕ್ವಿಡ್, ಮೆತ್ತನೆ ಸ್ಪಂಜು ಅಥವಾ ತೆಂಗಿನ ನಾರು, ಎರಡು ಒಣ ಕಾಟನ್ ಬಟ್ಟೆ (ಹಳೇ ಪಂಚೆ ಹರಿದಿದ್ದು ಇದ್ರೆ ಅದಕ್ಕಿಂತ ಬೇರೆ ಬೇಡ), ಕಲ್ಲುಪ್ಪು ಅಲ್ಲ ಪುಡಿಯುಪ್ಪು, ನಿಂಬೆಹಣ್ಣು, ಅಡುಗೆ ಸೋಡ. ಹಾರ್ಡ್‌ವೇರ್ ಅಂಗಡಿಯಿಂದ ಸ್ಯಾಂಡ್ ಪೇಪರ್ 120, 180, 220 ನಂಬರ್ ಒಂದೊಂದು ಹಾಳೆ. ಗಾಯ ಆಳವಾಗಿದ್ರೆ 80 ಕೂಡ.

ಬೋರ್ಡಿಗೆ ಹಚ್ಚೋ ಎಣ್ಣೆಗೆ ಮೆಡಿಕಲ್ ಶಾಪಿಂದ ಲಿಕ್ವಿಡ್ ಪ್ಯಾರಾಫಿನ್ ಐಪಿ (ಐಪಿ ಅಂದ್ರೆ ಔಷಧಿ ಗುಣಮಟ್ಟದ್ದು ಅಂತ ಗುರುತು). ಅಂಗಡಿಯೋರು "ಯಾರಿಗೆ, ಎಷ್ಟು ದಿನದಿಂದ" ಅಂತ ಕೇಳಿದ್ರೆ ಗಾಬರಿ ಬೀಳ್ಬೇಡಿ, ಅದು ಮಲಬದ್ಧತೆಗೆ ಕೊಡೋ ಔಷಧಿ. ಇಲ್ಲೊಂದು ಎಚ್ಚರ: ಕೆಲವ್ರು ಅದೇ ಅಂತ ಹಾಲಿನ ತರ ಬೆಳ್ಳಗಿರೋ ಸಿರಪ್ ಕೊಡ್ತಾರೆ, ಅದು ಪ್ಯಾರಾಫಿನ್ ಜೊತೆ ಬೇರೆ ಔಷಧಿ, ಸಕ್ಕರೆ, ಪರಿಮಳ ಸೇರಿಸಿದ್ದು. ನಮಗೆ ಬೇಕಿರೋದು ನೀರಿನಷ್ಟು ತಿಳಿಯಾಗಿ, ಬಣ್ಣ ವಾಸನೆ ಎರಡೂ ಇಲ್ದೆ ಇರೋದು. ಬೇಬಿ ಆಯಿಲ್ ಕೂಡ ಮೂಲದಲ್ಲಿ ಅದೇ ಎಣ್ಣೆ ಅಂತ ತರ್ಬೇಡಿ, ಅದರಲ್ಲಿ ಸೆಂಟು ಇರುತ್ತೆ. ಹೊಲಿಗೆ ಮಿಷಿನ್ ಎಣ್ಣೆಯಂತೂ ಬೇಡ್ವೇ ಬೇಡ.

ಆಗೋದಾದ್ರೆ ಒಂದಿಷ್ಟು ಜೇನುಮೇಣ. ಜೇನು ಸಾಕೋರ ಹತ್ರ ಕೇಳಿ, ಮೂಸಿದ್ರೆ ಜೇನಿನ ವಾಸನೆ ಬರ್ಬೇಕು. ಕ್ಯಾಂಡಲ್ ಮುರಿದು ಹಾಕೋ ಐಡಿಯಾ ಬೇಡ.

ಹಂತ 1: ದಿನಾ ತೊಳೆಯೋದು

ಹೆಚ್ಚಿದ ಕೂಡ್ಲೇ ತೊಳೀಬೇಕು. ಅಡುಗೆ ಎಲ್ಲಾ ಮುಗೀಲಿ, ಊಟ ಆಗ್ಲಿ, ಪಾತ್ರೆ ಜೊತೆ ತೊಳೆಯೋಣ ಅಂತ ಸಿಂಕಲ್ಲಿ ಬಿಟ್ರೆ ಅಲ್ಲಿಗೆ ಮುಗೀತು. ಅದರ ಮೇಲೆ ಸಾರಿನ ಪಾತ್ರೆ, ಅದರ ಮೇಲೆ ಕುಕ್ಕರ್, ಬೋರ್ಡು ತಳದಲ್ಲಿ ನೀರು ಕುಡೀತಾ ಕೂತಿರುತ್ತೆ.

ಮೊದ್ಲು ಒದ್ದೆ ಬಟ್ಟೆಲಿ ಕಸ ಒರೆಸಿ. ಆಮೇಲೆ ಉಗುರುಬೆಚ್ಚಗಿನ ನೀರು, ಸ್ವಲ್ಪ ಸೋಪು, ಸ್ಪಂಜು. ಎರಡೂ ಮೈ ತೊಳೀರಿ, ಈ ಮಾತು ಕೆಳಗೆ ಕೆಳಗೆ ಇನ್ನೂ ಬರುತ್ತೆ. ಮರದ ಒಂದೇ ಮೈ ಒದ್ದೆಯಾದ್ರೆ ಆ ಕಡೆ ಮಾತ್ರ ಹಿಗ್ಗಿ ಬೋರ್ಡು ದೋಣಿ ತರ ಬಾಗುತ್ತೆ. ನೀವು ಹೆಚ್ಚಿದ್ದು ಮೇಲಿನ ಮೈ ಮೇಲಾದ್ರೂ ಕೆಳಗಿನದಕ್ಕೂ ಒಂದ್ಸಲ ಅಷ್ಟೇ ನೀರು ತೋರಿಸಿ, ಅರ್ಧ ನಿಮಿಷದ ಕೆಲ್ಸ.

ಸ್ಟೀಲ್ ಸ್ಕ್ರಬ್ಬರ್ ಯಾಕೆ ಬೇಡ ಅಂದ್ರೆ ಅದು ಎಣ್ಣೆ ಪದರ ಕಿತ್ತು ಹಾಕುತ್ತೆ, ಅದರ ಸಣ್ಣ ಚೂರು ಮರದೊಳಗೆ ಉಳಿಯುತ್ತೆ, ತುಕ್ಕು ಹಿಡಿದ್ರೆ ಕರೀ ಚುಕ್ಕೆ. ಡಿಶ್‌ವಾಷರ್ ಇರೋ ಮನೆಗಳು ಈಗ ನಮ್ಮೂರಲ್ಲೂ ಜಾಸ್ತಿ ಆಗ್ತಿವೆ, ಅದರೊಳಗೆ ಬೋರ್ಡು ಇಡ್ಬೇಡಿ, ಬಿಸಿನೀರಿನ ಹಬೆಲಿ ಬೆಂದು, ಆಮೇಲೆ ಬಿಸಿಗಾಳಿಲಿ ಒಣಗಿ, ಒಂದೇ ಸಲಕ್ಕೆ ಬಾಯಿ ಬಿಟ್ಟಿರೋ ಬೋರ್ಡುಗಳಿದಾವೆ.

ಗಡಸು ನೀರಿನ ಬಗ್ಗೆ: ಬಕೆಟ್ ಅಂಚಲ್ಲಿ, ಗೀಸರ್ ಒಳಗೆ ಕಟ್ಟೋ ಬಿಳೀ ಸುಣ್ಣ ಬೋರ್ಡಿನ ಮೇಲೂ ಕಟ್ಟುತ್ತೆ. ನೀರು ತಾನಾಗೇ ಆರೋಕೆ ಬಿಟ್ರೆ ನೀರು ಹೋಗಿ ಸುಣ್ಣ ಉಳಿಯುತ್ತೆ. ಅದಕ್ಕೆ ತೊಳೆದ ಕೂಡ್ಲೇ ಬಟ್ಟೆಲಿ ಒರೆಸ್ಲೇಬೇಕು. ಈಗಾಗ್ಲೇ ಬಿಳೀ ಪೊರೆ ಬಂದಿದ್ರೆ ಅರ್ಧ ನಿಂಬೆಹಣ್ಣು ಉಜ್ಜಿ ಐದು ನಿಮಿಷ ಬಿಟ್ಟು ತೊಳೀರಿ. ರಾತ್ರಿಯೆಲ್ಲಾ ಬಿಡ್ಬೇಡಿ, ಹುಳಿ ಮರಕ್ಕೂ ಒಳ್ಳೇದಲ್ಲ.

ಹಂತ 2: ಒಣಗಿಸೋದು (ಇದನ್ನ ಎರಡು ಸಲ ಓದಿ)

ಒಣಬಟ್ಟೆಲಿ ಎರಡೂ ಮೈ, ನಾಲ್ಕೂ ಅಂಚು ಒರೆಸಿ. ಆಮೇಲೆ ಅಂಚಿನ ಮೇಲೆ ನಿಲ್ಲಿಸಿ. ಗೋಡೆಗೆ ಒರಗಿಸಿದ್ರೆ ಗೋಡೆ ಕಡೆ ಮೈಗೆ ಗಾಳಿ ಆಡಲ್ಲ, ಆದ್ದರಿಂದ ಮೇಲಿನ ಅಂಚು ಮಾತ್ರ ಗೋಡೆಗೆ ತಾಗೋ ಹಾಗೆ ಓರೆಯಾಗಿ ನಿಲ್ಲಿಸಿ, ಇಲ್ಲಾ ಪ್ಲೇಟ್ ಸ್ಟ್ಯಾಂಡಿಗೆ ಸಿಗಿಸಿ. ತಳದಲ್ಲಿ ನೀರು ನಿಲ್ಲೋ ತಟ್ಟೆ ಇದ್ರೆ ತೆಗೀರಿ, ಬೋರ್ಡಿನ ಕೆಳ ಅಂಚು ಆ ನೀರಲ್ಲೇ ನಿಂತಿರುತ್ತೆ.

ಅತಿ ಹೆಚ್ಚು ಜನ ಮಾಡೋ ತಪ್ಪು ಅಂದ್ರೆ ಒರೆಸಿ ಗ್ರಾನೈಟ್ ಕಟ್ಟೆ ಮೇಲೆ ಮಲಗಿಸಿಬಿಡೋದು. ಮೇಲೆ ಒಣಗಿದಂಗೆ ಕಾಣುತ್ತೆ, ಮಗುಚಿದ್ರೆ ಕಲ್ಲಿನ ಮೇಲೂ ಬೋರ್ಡಿನ ತಳದಲ್ಲೂ ತಣ್ಣಗೆ ತೇವ. ಬೂಷ್ಟು ಶುರುವಾಗೋದು ಈ ತಳದಲ್ಲಿ. ಇದಕ್ಕೆ ತಮ್ಮನ ತರ ಇನ್ನೊಂದು ತಪ್ಪಿದೆ: ಬೋರ್ಡು ಜಾರದೇ ಇರ್ಲಿ ಅಂತ ಅಡಿಗೆ ಒದ್ದೆ ಬಟ್ಟೆ ಹಾಸ್ತೀವಿ, ಅದು ಒಳ್ಳೇ ಅಭ್ಯಾಸವೇ, ಆದ್ರೆ ಹೆಚ್ಚಿ ಮುಗಿದ್ಮೇಲೆ ಆ ಬಟ್ಟೆ ಅಲ್ಲೇ ಉಳಿದುಬಿಡುತ್ತೆ.

ಬಿಸಿಲು? ಬೇಡ. ಏಪ್ರಿಲಲ್ಲಿ ತಾರಸಿ ಮೇಲೆ ಹಪ್ಪಳದ ಪಕ್ಕ ಬೋರ್ಡು ಒಣಗ್ಹಾಕೋರಿದಾರೆ. ಮರ ನಿಧಾನವಾಗಿ ಒಣಗಿದ್ರೆ ಒಂದೇ ಸಮ ಕುಗ್ಗುತ್ತೆ, ಬೇಗ ಒಣಗಿದ್ರೆ ಹೊರಗಡೆ ಕುಗ್ಗಿರುತ್ತೆ ಒಳಗಡೆ ಇನ್ನೂ ಹಿಗ್ಗಿರುತ್ತೆ, ಆ ಎಳೆದಾಟಕ್ಕೇ ಸೀಳೋದು. ಸೀಳು ಹೆಚ್ಚಾಗಿ ಎಳೆ (ಮರದ ಮೈಮೇಲೆ ಕಾಣೋ ಉದ್ದುದ್ದ ನಾರಿನ ಗೆರೆ) ಉದ್ದಕ್ಕೆ ಹೋಗಿ ಮುಗಿಯೋ ಆ ಎರಡು ತುದಿಯಿಂದ್ಲೇ ಶುರುವಾಗುತ್ತೆ, ಯಾಕಂದ್ರೆ ಅಲ್ಲಿ ಮರದ ಸಣ್ಣ ಸಣ್ಣ ಕೊಳವೆಗಳ ಬಾಯಿ ತೆರೆದಿರುತ್ತೆ, ನೀರು ಅಗಲದ ಮೈಗಿಂತ ಅಲ್ಲಿ ಬಹಳ ಬೇಗ ಒಳಗೆ ಹೋಗುತ್ತೆ, ಬಹಳ ಬೇಗ ಹೊರಗೂ ಬರುತ್ತೆ. ಒಲೆ ಪಕ್ಕ, ಫ್ರಿಜ್ ಹಿಂದೆ, ಕಿಟಕಿ ಬಿಸಿಲು ನೇರ ಬೀಳೋ ಜಾಗ, ಇವೂ ಬೇಡ. ನೆರಳು, ಗಾಳಿ, ನಿಂತ ಬೋರ್ಡು ಅಷ್ಟೇ.

ಎಷ್ಟು ಹೊತ್ತು? ದಿನಬಳಕೆಗೆ ರಾತ್ರಿ ನಿಲ್ಲಿಸಿದ್ದು ಬೆಳಗ್ಗೆ ಬಳಸ್ಬಹುದು. ಎಣ್ಣೆ ಹಾಕೋಕೆ ಮುಂಚೆ ಮಾತ್ರ ಬೇಸಿಗೆಲಿ ಒಂದು ಪೂರ್ತಿ ದಿನ, ಮಳೆಗಾಲದಲ್ಲಿ ಅಥವಾ ನಂದಿಬೆಟ್ಟದ ಸುತ್ತಮುತ್ತ ಮಂಜು ಹಿಡಿದ ಚಳಿಗಾಲದಲ್ಲಿ ಎರಡು ದಿನ. ಒಣಗಿದೆಯಾ ಅಂತ ನೋಡೋಕೆ ಬೋರ್ಡನ್ನ ಕೆನ್ನೆಗೆ ಇಟ್ಕೊಳ್ಳಿ, ನಗ್ಬೇಡಿ. ಒಳಗೆ ತೇವ ಇದ್ರೆ ತಣ್ಣಗೆ ಅನ್ಸುತ್ತೆ, ಪಕ್ಕದಲ್ಲಿರೋ ಲಟ್ಟಣಿಗೆ ಮುಟ್ಟಿದ್ದಕ್ಕಿಂತ ಗೊತ್ತಾಗೋ ಅಷ್ಟು ತಣ್ಣಗೆ.

ಹಂತ 3: ಕಲೆ, ಅಂಟು, ವಾಸನೆ

ಎಣ್ಣೆಗಿಂತ ಮುಂಚೆ ಇದು ಆಗ್ಬೇಕು. ಕಲೆ ಮೇಲೆ ಎಣ್ಣೆ ಹಾಕಿದ್ರೆ ಕಲೆ ಒಳಗೆ ಕೂತುಬಿಡುತ್ತೆ.

ಬೆಳ್ಳುಳ್ಳಿ ಈರುಳ್ಳಿ ವಾಸನೆಗೆ ಪುಡಿಯುಪ್ಪು ಉದುರಿಸಿ ಅರ್ಧ ನಿಂಬೆಹಣ್ಣಲ್ಲಿ ಎಳೆ ಉದ್ದಕ್ಕೂ ಉಜ್ಜಿ, ಹತ್ತು ನಿಮಿಷ ಬಿಟ್ಟು ತೊಳೀರಿ. ಜಿಡ್ಡು ವಾಸನೆ ಇದ್ರೆ ಅಡುಗೆ ಸೋಡನ ಸ್ವಲ್ಪ ನೀರಲ್ಲಿ ಕಲಸಿ ಹಚ್ಚಿ ಉಜ್ಜಿ. ಎರಡನ್ನೂ ಒಟ್ಟಿಗೆ ಹಾಕಿ ನೊರೆ ಬರ್ಸೋ ವಿಡಿಯೋಗಳು ಬೇಕಾದಷ್ಟಿವೆ, ನೊರೆ ನೋಡೋಕೆ ಚೆಂದ, ಹುಳಿ ಸೋಡ ಒಂದನ್ನೊಂದು ಸಾಯಿಸ್ಕೊಂಡು ಕೊನೆಗೆ ಉಳಿಯೋದು ಉಪ್ಪುನೀರಿನಂಥದ್ದೇ.

ಅರಿಶಿನದ ಕಲೆ ಸೋಪಿಗೆ ಜಗ್ಗಲ್ಲ, ಬೆಳಕಿಗೆ ಜಗ್ಗುತ್ತೆ, ಅದರ ಬಣ್ಣ ಬಿಸಿಲಿಗೆ ಮಾಸುತ್ತೆ. ಬಿಸಿಲು ಬೇಡ ಅಂತ ಮೇಲೆ ಹೇಳಿದ್ದಕ್ಕೆ ಇದೊಂದೇ ರಿಯಾಯಿತಿ: ಪೂರ್ತಿ ಒಣಗಿದ ಬೋರ್ಡನ್ನ ಬೆಳಗ್ಗೆ ಎಳೆಬಿಸಿಲಲ್ಲಿ ಹದಿನೈದಿಪ್ಪತ್ತು ನಿಮಿಷ, ಮಗುಚಿ ಇನ್ನೊಂದು ಮೈಗೂ ಅಷ್ಟೇ, ಮೂರ್ನಾಲ್ಕು ದಿನ. ಬೀಟ್‌ರೂಟ್ ಕಲೆ ಉಪ್ಪು ನಿಂಬೆಗೇ ಮುಕ್ಕಾಲು ಹೋಗುತ್ತೆ, ಉಳಿದದ್ದಕ್ಕೆ ತಲೆ ಕೆಡಿಸ್ಕೊಬೇಡಿ.

ಹಲಸಿನ ಅಂಟು ಬೇರೆಯೇ ಕಥೆ. ಗುಬ್ಬಿ ಚೇಳೂರು ಕಡೆಯೋರಿಗೆ ಹೇಳಿಕೊಡೋದೇನೂ ಇಲ್ಲ, ಅವ್ರು ಗೋಣಿಚೀಲ ಹಾಸಿ ಅದರ ಮೇಲೇ ಬಿಡಿಸ್ತಾರೆ, ಬೋರ್ಡಿನ ಹತ್ರ ತರೋದೇ ಇಲ್ಲ. ಪೇಟೆ ಮನೆಗಳಲ್ಲಿ ಅರ್ಧ ಹಣ್ಣು ತಂದು ಚಾಪಿಂಗ್ ಬೋರ್ಡ್ ಮೇಲಿಟ್ಟು ಚಾಕು ಹಾಕ್ತಾರೆ, ಆಮೇಲೆ ಅಂಟು ಬಿಡಿಸೋಕೆ ನೀರು ಸೋಪು ಹಾಕಿ ತಿಕ್ಕಿ ತಿಕ್ಕಿ ಇಡೀ ಬೋರ್ಡಿಗೆ ಬಳೀತಾರೆ. ಅದು ನೀರಿಗೆ ಕರಗೋ ವಸ್ತು ಅಲ್ಲ, ಎಣ್ಣೆಗೆ ಬಿಡೋದು. ಅಂಟಿನ ಮೇಲೆ ಕೊಬ್ಬರಿ ಎಣ್ಣೆ ಹಾಕಿ ಬೆರಳಲ್ಲಿ ತೀಡಿ, ಹತ್ತು ನಿಮಿಷ ಬಿಡಿ, ಅದು ಮೆತ್ತಗಾಗಿ ಉಂಡೆ ಉಂಡೆಯಾಗಿ ಎದ್ದು ಬರುತ್ತೆ. ಚಾಕುವಿನ ಬೆನ್ನಲ್ಲಿ ಎಳೆ ಉದ್ದಕ್ಕೂ ನಿಧಾನ ಕೆರೆದು, ಹಳೇ ಬಟ್ಟೆಲಿ ಒರೆಸಿ ಆ ಬಟ್ಟೆ ಎಸೆದುಬಿಡಿ. ನೀರು ಸೋಪು ಕಡೇಲಿ. ಬೋರ್ಡಲ್ಲೇ ಹೆಚ್ಚಲೇಬೇಕು ಅಂದ್ರೆ ಮೊದಲೇ ಬೋರ್ಡಿಗೂ ಚಾಕುಗೂ ಕೈಗೂ ಎಣ್ಣೆ ಸವರಿಕೊಳ್ಳಿ. ಮಾವಿನಕಾಯಿ ಸೊನೆಗೂ ಮೊದ್ಲು ಎಣ್ಣೆ ಹಾಕಿ ಒರೆಸೋದೇ ವಾಸಿ.

ಈಗ ಕರೀ ಕಲೆ. ಕರೀ ಚುಕ್ಕೆ ಕಂಡ ಕೂಡ್ಲೇ ಬೂಷ್ಟು ಅಂತ ಬೋರ್ಡು ಎಸೆದುಬಿಡೋರು ಸ್ವಲ್ಪ ತಡೀರಿ. ತೇಗ, ಅಕೇಶಿಯಾ ತರದ ಒಗರು ಇರೋ ಮರದ ಮೇಲೆ ಒದ್ದೆ ಕಬ್ಬಿಣದ ಚಾಕು ಬಿಟ್ರೆ, ಅಥವಾ ನೀರಲ್ಲಿ ಕಬ್ಬಿಣದ ಅಂಶ ಜಾಸ್ತಿ ಇದ್ರೆ, ಆ ಒಗರಿಗೂ ಕಬ್ಬಿಣಕ್ಕೂ ಸೇರಿ ನೀಲಿ ಮಿಶ್ರಿತ ಕಪ್ಪು ಬರುತ್ತೆ. ಅದಕ್ಕೆ ಚಾಕುವಿನ ಆಕಾರ, ಇಲ್ಲಾ ನೀರು ನಿಂತ ಆಕಾರ ಇರುತ್ತೆ, ನಿಂಬೆರಸ ಹಚ್ಚಿದ್ರೆ ಕಣ್ಮುಂದೇನೇ ತಿಳಿಯಾಗುತ್ತೆ. ಬೂಷ್ಟು ಹಾಗಲ್ಲ, ಸಾಸಿವೆ ಚೆಲ್ಲಿದಂಗೆ ಚುಕ್ಕೆ ಚುಕ್ಕೆ, ಕೂಡಿಸಿದ ಜಾಗದಲ್ಲಿ, ತಳದಲ್ಲಿ, ತುದೀಲಿ ಗುಂಪು ಕಟ್ಟಿರುತ್ತೆ, ಮೂಸಿದ್ರೆ ಮುಗ್ಗಲು ವಾಸನೆ, ನಿಂಬೆಗೆ ಜಗ್ಗಲ್ಲ. ಮೇಲ್ಮೇಲೆ ಇದ್ರೆ ತೊಳೆದು ಒಣಗಿಸಿ ಸ್ಯಾಂಡ್ ಪೇಪರಲ್ಲಿ ಉಜ್ಜಿ ತೆಗೀಬಹುದು. ಉಜ್ಜಿದಷ್ಟೂ ಒಳಗೆ ಕರೀ ಬಣ್ಣ ಕಾಣ್ತಾನೇ ಇದ್ರೆ ಆ ಬೋರ್ಡಿನ ಆಸೆ ಬಿಡಿ.

ಹಂತ 4: ಸ್ಯಾಂಡ್ ಪೇಪರ್ (ಬೇಕಾದ್ರೆ ಮಾತ್ರ)

ಉಗುರು ಓಡಿಸಿದ್ರೆ ಚಾಕು ಗಾಯಕ್ಕೆ ಸಿಕ್ಕಾಕ್ಕೊಳ್ಳೋ ಹಾಗಿದ್ರೆ, ಇಲ್ಲಾ ಮೈ ಸುಂಕು ಸುಂಕಾಗಿದ್ರೆ ಮಾತ್ರ. ಪೂರ್ತಿ ಒಣಗಿದ ಬೋರ್ಡಿಗೆ, ಪೇಪರನ್ನ ಒಂದು ಮರದ ತುಂಡಿಗೆ ಸುತ್ತಿ, ಎಳೆ ಉದ್ದಕ್ಕೂ. ಅಡ್ಡಡ್ಡ ಉಜ್ಜಿದ್ರೆ ಬರೋ ಗೀರು ಎಣ್ಣೆ ಹಾಕಿದ್ಮೇಲೆ ಎದ್ದು ಕಾಣುತ್ತೆ. 120ರಿಂದ ಶುರು, ಆಮೇಲೆ 180. ಗಾಯ ಇರೋ ಜಾಗ ಮಾತ್ರ ಉಜ್ಜಿ ಗುಂಡಿ ಮಾಡ್ಬೇಡಿ, ಇಡೀ ಮೈ ಒಂದೇ ಸಮ. ಮೂಗಿಗೆ ಮಾಸ್ಕ್ ಕಟ್ಟಿ, ಮರದ ಧೂಳು ಒಳ್ಳೇದಲ್ಲ.

180 ಆದ್ಮೇಲೆ ಎಲ್ರೂ ಬಿಟ್ಟುಬಿಡೋ ಒಂದು ಚಿಕ್ಕ ಕೆಲ್ಸ ಇದೆ. ಒದ್ದೆ ಬಟ್ಟೆಲಿ ಇಡೀ ಬೋರ್ಡು ಒಂದ್ಸಲ ಒರೆಸಿ ಒಣಗೋಕೆ ಬಿಡಿ. ಒಣಗಿದ್ಮೇಲೆ ಮುಟ್ಟಿ ನೋಡಿದ್ರೆ ಮತ್ತೆ ಒರಟು, ಸಣ್ಣ ಸಣ್ಣ ನಾರು ಎದ್ದು ನಿಂತಿರುತ್ತೆ. ಈಗ 220ರಲ್ಲಿ ಹಗುರವಾಗಿ ಎರಡು ಕೈ ಆಡಿಸಿ. ಇದು ಮಾಡ್ದೇ ಇದ್ರೆ ಎಣ್ಣೆ ಹಾಕಿ ಮೊದಲನೇ ಸಲ ತೊಳೆದಾಗ್ಲೇ ಬೋರ್ಡು ಮತ್ತೆ ಒರಟಾಗುತ್ತೆ, ತಪ್ಪು ಎಣ್ಣೆ ಮೇಲೆ ಬರುತ್ತೆ.

ಗಾಯ ಬಹಳ ಆಳ ಇದ್ರೆ ಆಚಾರ್ರ ಹತ್ರ ಕೊಟ್ಟು ತೋಪಡ (ಮರ ಹೆರೆದು ನಯ ಮಾಡೋ ಸಾಧನ) ಹೊಡೆಸಿ. ಎರಡೂ ಮೈ ಸಮ ತೆಗೀಬೇಕು ಅಂತ ಹೇಳಿ. ಚೌಕ ಚೌಕ ಕಾಣೋ, ಅಂದ್ರೆ ಎಳೆ ತುದಿ ಮೇಲಕ್ಕೆ ಬರೋ ಹಾಗೆ ಜೋಡಿಸಿರೋ ಬೋರ್ಡಿಗೆ ತೋಪಡ ಬೇಡ, ಅಂಚು ಕಿತ್ಕೊಂಡು ಬರುತ್ತೆ.

ಹಂತ 5: ಎಣ್ಣೆ

ಅಡುಗೆ ಎಣ್ಣೆ ಯಾಕೆ ಬೇಡ ಅಂತ ಮೊದ್ಲು. ಕಡಲೆಕಾಯಿ ಎಣ್ಣೆ, ಸನ್‌ಫ್ಲವರ್, ಎಳ್ಳೆಣ್ಣೆ ಇವು ಗಾಳಿ ತಾಗಿದ್ರೆ ಕೆಡುತ್ತೆ. ಬಾಣಲೆ ಹೊರಗಡೆ ಎಣ್ಣೆ ಹರಿದು ತಿಂಗಳಾದ್ಮೇಲೆ ಹಳದಿ ಜಿಗುಟಾಗಿರುತ್ತಲ್ಲ, ಬೋರ್ಡಿನ ಮೇಲೂ ಆಗೋದು ಅದೇ. ಪಾವಗಡ ಶಿರಾ ಕಡೆ ಗಾಣದ ಕಡಲೆಕಾಯಿ ಎಣ್ಣೆ ಒಳ್ಳೇದೇ ಸಿಗುತ್ತೆ, ಒಗ್ಗರಣೆಗೆ ಇಟ್ಕೊಳ್ಳಿ.

ಕೊಬ್ಬರಿ ಎಣ್ಣೆ ವಿಚಾರಕ್ಕೆ ತಿಪಟೂರಿನವ್ರು ಜಗಳಕ್ಕೆ ಬರ್ತಾರೆ, ಗೊತ್ತು. ಅದು ಬೇರೆ ಅಡುಗೆ ಎಣ್ಣೆಗಳಷ್ಟು ಬೇಗ ಕಮಟಲ್ಲ, ನಿಜ. ಆದ್ರೆ ಕೆಡೋದೇ ಇಲ್ಲ ಅಂತಲ್ಲ, ಅದರಲ್ಲೂ ಸರಿಯಾಗಿ ಸೋಸದೇ ಇರೋ ಗಾಣದೆಣ್ಣೆ. ಜೊತೆಗೆ 24 ಡಿಗ್ರಿಗಿಂತ ಕೆಳಗೆ ಹೋದ್ರೆ ಗಟ್ಟಿಯಾಗುತ್ತೆ, ನಮ್ಮ ಡಿಸೆಂಬರ್ ಬೆಳಗ್ಗೆ ಹಚ್ಚಿದ್ರೆ ಒಳಗೆ ಇಳಿಯೋದೇ ಇಲ್ಲ, ಮೇಲೆ ಬೆಳ್ಳಗೆ ಕೂತಿರುತ್ತೆ. ನನ್ನ ಲೆಕ್ಕ ಏನಂದ್ರೆ, ದಿನಾ ಎರಡು ಹೊತ್ತು ಬಳಸೋ, ವಾರ ವಾರ ತೆಳ್ಳಗೆ ಸವರಿ ಒರೆಸೋ ಮನೆಗೆ ಕೊಬ್ಬರಿ ಎಣ್ಣೆ ನಡೆಯುತ್ತೆ. ಭಾನುವಾರ ಮಾತ್ರ ಬೋರ್ಡು ತೆಗೆಯೋರಿಗೆ ಬೇಡ.

ಪೇಂಟ್ ಅಂಗಡಿ ಅಗಸೆ ಎಣ್ಣೆ ತರ್ಬೇಡಿ, ಅದರಲ್ಲಿ ಬೇಗ ಒಣಗ್ಲಿ ಅಂತ ಲೋಹದ ಲವಣ ಸೇರಿಸಿರ್ತಾರೆ. ಅಗಸೆ ಎಣ್ಣೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಮೂಲೆಗೆ ಹಾಕಿದ್ರೆ ತಾನಾಗೇ ಬಿಸಿಯಾಗಿ ಹೊತ್ಕೊಳ್ಳೋ ಅಪಾಯವೂ ಇದೆ. ಹೊಂಗೆ, ಬೇವು, ಹರಳೆಣ್ಣೆ ಯಾವ್ದೂ ಇದಕ್ಕಲ್ಲ.

ಲಿಕ್ವಿಡ್ ಪ್ಯಾರಾಫಿನ್ ಕೆಡಲ್ಲ, ವಾಸನೆ ಬರಲ್ಲ, ಅದಕ್ಕೇ ಅದು. ಹಚ್ಚೋ ರೀತಿ: ಬಾಟ್ಲಿನ ಬಿಸಿನೀರಿನ ಪಾತ್ರೆಲಿ ಹತ್ತು ನಿಮಿಷ ಇಡಿ, ಬೆಚ್ಚಗಾದ್ರೆ ತೆಳ್ಳಗಾಗಿ ಬೇಗ ಇಳಿಯುತ್ತೆ. ಬೋರ್ಡಿನ ಮಧ್ಯಕ್ಕೆ ಸುರಿದು ಕೈಯಲ್ಲೇ ಹರಡಿ. ಒಂದು ಮೈ, ಇನ್ನೊಂದು ಮೈ, ಉದ್ದದ ಅಂಚು, ಕಡೇಲಿ ಎಳೆ ಮುಗಿಯೋ ಆ ಎರಡು ತುದಿ. ತುದಿಗೆ ಹಚ್ಚಿದ ಎಣ್ಣೆ ನೋಡ್ತಾ ನೋಡ್ತಾನೇ ಮಾಯ ಆಗುತ್ತೆ, ಮತ್ತೆ ಹಚ್ಚಿ, ಮತ್ತೆ ಮಾಯ ಆಗುತ್ತೆ, ಸಾಕು ಅನ್ನೋವರೆಗೂ ಹಚ್ಚಿ. ಸೀಳು ತಡೆಯೋದು ಇಲ್ಲಿ ಹಾಕಿದ ಎಣ್ಣೆ. ಮೈಗೆಲ್ಲಾ ಹಚ್ಚಿ ತುದಿ ಬಿಟ್ಟಿರೋ ಬೋರ್ಡುಗಳೇ ಜಾಸ್ತಿ.

ರಾತ್ರಿ ನಿಲ್ಲಿಸಿ ಬಿಡಿ, ಅಡಿಗೆ ಒಂದು ತಟ್ಟೆ ಇಡಿ. ನ್ಯೂಸ್‌ಪೇಪರ್ ಸುತ್ಬೇಡಿ, ಇಂಕು ಅಂಟುತ್ತೆ. ಬೆಳಗ್ಗೆ ಮೇಲೆ ಉಳಿದದ್ದನ್ನ ಒಣಬಟ್ಟೆಲಿ ಚೆನ್ನಾಗಿ ಒರೆಸಿ, ಒರೆಸದೇ ಬಿಟ್ರೆ ಅದೇ ಕೈಗಂಟೋದು. ಹೊಸ ಬೋರ್ಡು, ಇಲ್ಲಾ ಈಗ ತಾನೇ ಉಜ್ಜಿದ ಬೋರ್ಡು ಆದ್ರೆ ಹೀಗೆ ಮೂರರಿಂದ ಐದು ರಾತ್ರಿ. ಬೆಳಗ್ಗೆ ನೋಡಿದಾಗ ಹಿಂದಿನ ರಾತ್ರಿ ಹಚ್ಚಿದ್ದು ಹಾಗೇ ಉಳಿದಿದ್ರೆ ಮರಕ್ಕೆ ಸಾಕಾಗಿದೆ ಅಂತ ಅರ್ಥ.

ಆಮೇಲೆ ಯಾವಾಗ ಮತ್ತೆ? ಕ್ಯಾಲೆಂಡರ್ ನೋಡೋದಕ್ಕಿಂತ ನಾಲ್ಕು ಹನಿ ನೀರು ಚಿಮುಕಿಸಿ ನೋಡಿ. ಕೆಸುವಿನೆಲೆ ಮೇಲೆ ನಿಂತ ಹಾಗೆ ಗುಂಡಗೆ ನಿಂತ್ರೆ ಬೇಡ. ಚಪ್ಪಟೆಯಾಗಿ ಹರಡಿ ಅಲ್ಲಿ ಮರ ಕಪ್ಪಾದ್ರೆ ಎಣ್ಣೆ ಬೇಕು. ನಮ್ಮ ಕಡೆ ಬೇಸಿಗೆಲಿ ಎರಡು ಮೂರು ವಾರಕ್ಕೊಮ್ಮೆ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬೇಕಾಗ್ಬಹುದು.

ಹಂತ 6: ಮೇಣ

ಇದು ಕಡ್ಡಾಯ ಅಲ್ಲ, ಮಾಡಿದ್ರೆ ಎಣ್ಣೆ ಜಾಸ್ತಿ ದಿನ ಬರುತ್ತೆ. 25 ಗ್ರಾಂ ಜೇನುಮೇಣಕ್ಕೆ 100 ಎಂಎಲ್ ಲಿಕ್ವಿಡ್ ಪ್ಯಾರಾಫಿನ್. ದೊಡ್ಡ ಪಾತ್ರೆಲಿ ನೀರು ಕಾಯಿಸಿ, ಅದರೊಳಗೆ ಚಿಕ್ಕ ಸ್ಟೀಲ್ ಬಟ್ಲಲ್ಲಿ ಎರಡನ್ನೂ ಹಾಕಿ ಕರಗಿಸಿ. ಜೇನುಮೇಣ 62ರಿಂದ 64 ಡಿಗ್ರಿಗೇ ಕರಗುತ್ತೆ, ನೇರ ಉರಿ ಮೇಲೆ ಇಡೋ ಅಗತ್ಯವೇ ಇಲ್ಲ, ಇಟ್ರೆ ಬೆಂಕಿ ಹತ್ತುತ್ತೆ. ಆರಿದ್ಮೇಲೆ ಬೆಣ್ಣೆ ತರ ಆಗುತ್ತೆ. ಎಣ್ಣೆ ಕುಡಿದು ಒರೆಸಿದ ಬೋರ್ಡಿಗೆ ತೆಳ್ಳಗೆ ಸವರಿ, ಎರಡು ಮೂರು ಗಂಟೆ ಬಿಟ್ಟು, ಬಟ್ಟೆಲಿ ಗಟ್ಟಿಯಾಗಿ ತಿಕ್ಕಿ. ಈ ಬಟ್ಲು ಮತ್ತೆ ಅಡುಗೆಗೆ ಬೇಡ, ಮೇಣ ಬಿಡಿಸೋದು ಪ್ರಾಣ ಸಂಕಟ.

ಮಟನ್, ಚಿಕನ್ ಹೆಚ್ಚೋರಿಗೆ

ಇದಕ್ಕೆ ಬೇರೆ ಬೋರ್ಡು ಇಡಿ. ಒಂದೇ ಇದೆ ಅನ್ನೋ ಪಕ್ಷದಲ್ಲಿ ಸೊಪ್ಪು, ಟೊಮೇಟೊ, ಸೌತೆಕಾಯಿ ಎಲ್ಲಾ ಮೊದ್ಲು ಹೆಚ್ಚಿ ಎತ್ತಿಟ್ಟು ಮಾಂಸ ಕಡೇಲಿ. ಮೂಳೆ ಹೊಡೆಯೋಕೆ ಮಾತ್ರ ಬೋರ್ಡು ಬೇಡವೇ ಬೇಡ. ಮಟನ್ ಅಂಗಡಿಲಿ ಹುಣಸೆ ಮರದ ಕೊರಡು ಇರುತ್ತಲ್ಲ, ಅದನ್ನ ಮರ ಅಡ್ಡ ಕೊಯ್ದು ಮಾಡಿರ್ತಾರೆ, ಮಚ್ಚಿನ ಏಟು ಎಳೆಗಳ ಮಧ್ಯೆ ಇಳಿದು ಹೊರಗೆ ಬರುತ್ತೆ. ಮನೆ ಬೋರ್ಡಲ್ಲಿ ಎಳೆ ಮಲಗಿರುತ್ತೆ, ಅದೇ ಏಟಿಗೆ ಸೌದೆ ಸೀಳಿದಂಗೆ ಸೀಳುತ್ತೆ. ಮೂಳೆ ಅಂಗಡಿಲೇ ಹೊಡೆಸಿಕೊಂಡು ಬನ್ನಿ. ಶ್ರೀನಿವಾಸಪುರದ ಮಾವಿನಕಾಯಿ ತಂದು ಉಪ್ಪಿನಕಾಯಿಗೆ ವಾಟೆ ಸಮೇತ ಹೊಡೆಯೋದು, ಬೆಲ್ಲದ ಅಚ್ಚು ಕುಟ್ಟೋದು, ತೆಂಗಿನಕಾಯಿ ಒಡೆಯೋದು, ಇವಕ್ಕೂ ಇದೇ ಮಾತು.

ಹಸಿ ಮಾಂಸ ಹೆಚ್ಚಿದ್ಮೇಲೆ ಬಿಸಿನೀರು ಸೋಪಲ್ಲಿ ತೊಳೆದು, ಬೇಕಿದ್ರೆ ಬ್ಲೀಚ್ ನೀರು ಹಾಕಬಹುದು. ಅಮೆರಿಕದ ಕೃಷಿ ಇಲಾಖೆ ಹೇಳೋ ಅಳತೆ ಪ್ರಕಾರ ಲೀಟರ್ ನೀರಿಗೆ ಸುಮಾರು 4 ಎಂಎಲ್, ಪರಿಮಳ ಹಾಕದ ಬ್ಲೀಚ್. ಕೆಲವು ನಿಮಿಷ ಬಿಟ್ಟು ಚೆನ್ನಾಗಿ ತೊಳೆದು ಒಣಗಿಸಿ. ಬ್ಲೀಚ್ ಜೊತೆ ನಿಂಬೆ, ವಿನಿಗರ್ ಯಾವ್ದೂ ಸೇರಿಸ್ಬೇಡಿ, ವಿಷಗಾಳಿ ಏಳುತ್ತೆ. ಮರಕ್ಕಿಂತ ಪ್ಲಾಸ್ಟಿಕ್ ಶುದ್ಧ ಅನ್ನೋರಿಗೆ ಒಂದು ಮಾತು: ವಿಸ್ಕಾನ್ಸಿನ್ ಯೂನಿವರ್ಸಿಟಿಲಿ ಡೀನ್ ಕ್ಲೈವರ್ ಮತ್ತವರ ಜೊತೆಯೋರು 1990ರ ದಶಕದಲ್ಲಿ ನೋಡಿದಾಗ, ಮರದ ಮೇಲೆ ಬಿದ್ದ ಬ್ಯಾಕ್ಟೀರಿಯಾ ಒಳಗೆ ಇಳಿದು ಬೆಳೀದೆ ಕ್ರಮೇಣ ಸಾಯ್ತಿತ್ತು, ಚಾಕು ಗೀರು ಬಿದ್ದ ಪ್ಲಾಸ್ಟಿಕ್ ಬೋರ್ಡನ್ನ ಕೈಯಲ್ಲಿ ತೊಳೆದು ಶುದ್ಧ ಮಾಡೋದೇ ಕಷ್ಟ ಆಗಿತ್ತು. ಹಾಗಂತ ಮರದ ಬೋರ್ಡು ತೊಳೀದೆ ಇಡೋಕೆ ಅದು ಲೈಸೆನ್ಸ್ ಅಲ್ಲ.

ಬಾಗಿದ್ರೆ, ಬಾಯಿ ಬಿಟ್ರೆ

ಬಾಗಿದ ಬೋರ್ಡಲ್ಲಿ ತಗ್ಗಾಗಿರೋ ಮೈ ಒಣಗಿ ಕುಗ್ಗಿರೋದು, ಉಬ್ಬಿರೋ ಮೈ ತೇವ ಹಿಡಿದಿರೋದು. ಹಿಂಡಿದ ಒದ್ದೆ ಟವೆಲ್ ಹಾಸಿ ತಗ್ಗಿನ ಮೈ ಕೆಳಗೆ ಬರೋ ಹಾಗೆ ಅದರ ಮೇಲೆ ಮಲಗಿಸಿ, ಒಂದು ರಾತ್ರಿ. ಬಹಳ ಸಲ ಬೆಳಗ್ಗೆ ಹೊತ್ತಿಗೆ ಸರಿಯಾಗಿರುತ್ತೆ, ಸ್ವಲ್ಪ ಉಳಿದಿದ್ರೆ ಇನ್ನೊಂದು ರಾತ್ರಿ. ಆಮೇಲೆ ನಿಲ್ಲಿಸಿ ಒಣಗಿಸಿ ಎರಡೂ ಮೈಗೆ ಎಣ್ಣೆ. ಉಬ್ಬಿದ ಕಡೆ ರುಬ್ಬುಗುಂಡು ಹೇರಿ ಒತ್ತಿಸೋ ಪ್ರಯೋಗ ಬೇಡ, ಒಣ ಮರ ಬಗ್ಗಲ್ಲ, ಸೀಳುತ್ತೆ.

ಕೂದಲೆಳೆ ಸೀಳು ತುದೀಲಿ ಕಂಡ್ರೆ ಆ ಜಾಗಕ್ಕೆ ಎಣ್ಣೆ ಕುಡಿಸಿ ಮೇಣ ತುಂಬಿ, ಅಲ್ಲಿಗೆ ನಿಲ್ಲೋದು ಉಂಟು. ಚಾಕು ತುದಿ ಒಳಗೆ ಹೋಗೋ ಅಷ್ಟು ಸೀಳಿದ್ರೆ ಅದರೊಳಗೆ ಮಾಂಸದ ರಸ, ಸೊಪ್ಪಿನ ಚೂರು ಸೇರುತ್ತೆ, ತೊಳೆಯೋಕೆ ಬರಲ್ಲ. ಬಾಗಿಲು ಕಿಟಕಿಗೆ ಹಾಕೋ ಅಂಟು, ಪೈಪ್ ಸೋರಿಕೆಗೆ ಮೆತ್ತೋ ಸೀಲು ಇಲ್ಲಿ ತುಂಬ್ಬೇಡಿ, ಅವು ಊಟದ ಪದಾರ್ಥ ತಾಗೋ ಜಾಗಕ್ಕೆ ಅಂತ ಮಾಡಿದ್ದಲ್ಲ.

ಯಾವಾಗ ಬೇರೆ ತಗೋಬೇಕು

ಸೀಳು ಆಚೆಯಿಂದ ಈಚೆಗೆ ಬೆಳಕು ಬಿಡ್ತಿದ್ರೆ. ಉಗುರಲ್ಲಿ ಒತ್ತಿದ್ರೆ ಮರ ಮೆತ್ತಗೆ ಒಳಗೆ ಹೋದ್ರೆ. ಉಪ್ಪು, ನಿಂಬೆ, ಸೋಡ, ಸ್ಯಾಂಡ್ ಪೇಪರ್ ಎಲ್ಲಾ ಆದ್ಮೇಲೂ ಮುಗ್ಗಲು ವಾಸನೆ ಬರ್ತಾನೇ ಇದ್ರೆ. ಗುಂಡುಪಿನ್ ಚುಚ್ಚಿದಂಗೆ ಸಣ್ಣ ತೂತು, ಅದರ ಕೆಳಗೆ ಬೆಳಗ್ಗೆ ಬೆಳಗ್ಗೆ ಮೈದಾ ತರ ನಯವಾದ ಹೊಟ್ಟು ಬಿದ್ದಿದ್ರೆ ಕುಟ್ಟೆ ಹುಳ ಬಂದಿದೆ, ರಬ್ಬರ್ ವುಡ್ಡಲ್ಲಿ ಇದರ ಕಾಟ ಜಾಸ್ತಿ. ಔಷಧಿ ಹೊಡೆದು ಉಳಿಸೋಣ ಅನ್ಬೇಡಿ, ಅದರ ಮೇಲೆ ತರಕಾರಿ ಹೆಚ್ಚೋಕಾಗಲ್ಲ, ಪಕ್ಕದಲ್ಲಿರೋ ಚಪಾತಿ ಮಣೆಗೂ ಹತ್ತೋಕೆ ಮುಂಚೆ ಮನೆಯಿಂದ ಆಚೆ ಕಳಿಸಿ. ಬರೀ ಸೀಳಿರೋ ಬೋರ್ಡಾದ್ರೆ ಬಿಸಿ ಪಾತ್ರೆ ಅಡಿಗೆ ಇಡೋಕೆ ಇನ್ನೂ ಕೆಲವು ವರ್ಷ ಬರುತ್ತೆ.

ಹೊಸದು ತಗೊಳ್ಳುವಾಗ ದಪ್ಪ ಕನಿಷ್ಠ ಮುಕ್ಕಾಲು ಇಂಚು ಇರ್ಲಿ, ತೆಳ್ಳನೇದು ಬೇಗ ಬಾಗುತ್ತೆ. ಅಡಿಗೆ ರಬ್ಬರ್ ಕಾಲು ಇದ್ರೆ ಗಾಳಿ ಆಡೋಕೆ ಒಳ್ಳೇದು, ಆದ್ರೆ ಎರಡೂ ಮೈ ಬಳಸೋಕೆ ಆಗಲ್ಲ, ನಾನಾದ್ರೆ ಕಾಲಿಲ್ಲದ್ದೇ ಆರಿಸ್ತೀನಿ. ಎರಡು ತುದಿ ಬೆಳಕಿಗೆ ಹಿಡಿದು ಕೂದಲೆಳೆ ಸೀಳು ಇದೆಯಾ ನೋಡಿ. ಆಮೇಲೆ ಅಂಗಡಿಯೋರ ಗಾಜಿನ ಕೌಂಟರ್ ಮೇಲೆ ಮಲಗಿಸಿ ನಾಲ್ಕೂ ಮೂಲೆ ಒಂದೊಂದಾಗಿ ಒತ್ತಿ, ಟಕ್ ಟಕ್ ಅಂತ ಅಲ್ಲಾಡಿದ್ರೆ ಬೇರೆ ತೆಗೆಸಿ.